ತೂಬಿನ ಬಳಿ ನಿಂತ ನೀರುಗಂಟಿ



2019ರ ಬೇಸಿಗೆ ನಿಮಗೆ ನೆನಪಿರಬೇಕು. ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬತ್ತಿಹೋಗಿ, ಜುಲೈ 12ರಂದು ಜೋಲಾರ್‌ಪೇಟೆಯಿಂದ ನಮ್ಮ ಚೆನ್ನೈಗೆ ರೈಲಿನಲ್ಲಿ ನೀರು ಬಂತು. ಆ ದಿನಗಳಲ್ಲಿ ನಮ್ಮ ಫ್ಲ್ಯಾಟುಗಳಲ್ಲಿ ಟ್ಯಾಂಕರ್ ಬಂತೆಂದರೆ ಜಗಳವೂ ಬಂತೆಂದೇ ಲೆಕ್ಕ. ಮೊದಲು ಎದ್ದವರು ಡ್ರಮ್ಮು, ಬಕೆಟ್ಟು ಎಲ್ಲ ತುಂಬಿಸಿಕೊಂಡರೆ, ತಡವಾಗಿ ಎದ್ದವರ ನಲ್ಲಿಯಲ್ಲಿ ಬರೀ ಗಾಳಿ. ಎಲ್ಲರೂ ಓದಿದವರೇ, ಒಳ್ಳೆಯ ಕೆಲಸದಲ್ಲಿರುವವರೇ. ಆದರೆ ಇದ್ದಷ್ಟು ನೀರನ್ನು ಹಂಚಿಕೊಳ್ಳುವುದು ಮಾತ್ರ ನಮಗೆ ಗೊತ್ತಿರಲಿಲ್ಲ.

ಆಗ ನನಗೆ ನೆನಪಾದವನು ನೀರುಗಂಟಿ. ಈ ಹೆಸರನ್ನು ನೀವು ಬಹುಶಃ ಕೇಳಿರಲಾರಿರಿ.

ನಮ್ಮ ಕೋಲಾರದ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆಯ ನೀರನ್ನು ಕೆರೆಯಲ್ಲಿ ಹಿಡಿದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿಯೇ ಹಿಂದಿನವರು ಇಳಿಜಾರು ನೋಡಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ಬೇಸಿಗೆಯಲ್ಲಿ ರೈತರು ಕೆರೆಯ ಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಯ ಹೂಳೂ ಹೋಯಿತು. ಕೆರೆ ಕಟ್ಟಿ ಕಾಪಾಡಿದವರಿಗೆ ಭೂಮಿ ಬಿಟ್ಟುಕೊಟ್ಟ 'ಕಟ್ಟುಕೊಡಗೆ'ಯ ಶಾಸನಗಳು ನಾಡಿನಲ್ಲಿ ಎಷ್ಟೋ ಇವೆ.

ಕೆರೆ ಕಟ್ಟುವುದಕ್ಕಿಂತ ಅದರ ನೀರನ್ನು ಹಂಚುವುದು ಕಷ್ಟ. ಆ ಕೆಲಸ ನೀರುಗಂಟಿಯದು. ತೂಬು ಎತ್ತುವವನು, ಇಳಿಸುವವನು ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವವನೂ ಅವನೇ. ಮಳೆಗಾಲದಲ್ಲಿ ಏರಿ ಬಿರುಕು ಬಿಟ್ಟಿದೆಯೇ ಎಂದು ಕಾಯುತ್ತಿದ್ದನು. ಕೂಲಿಯಾಗಿ ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದಲೂ ಇಷ್ಟು ಧಾನ್ಯ ಸಿಗುತ್ತಿತ್ತು. ಅನೇಕ ಕಡೆ ಅವನಿಗೆ ಸ್ವಂತ ಗದ್ದೆ ಇರಲಿಲ್ಲ. ಹಾಗಾಗಿ ತನ್ನ ಕಡೆಗೆ ನೀರು ತಿರುಗಿಸಿಕೊಂಡನೆಂಬ ಅನುಮಾನಕ್ಕೆ ಎಡೆಯಿರಲಿಲ್ಲ. ಕೆರೆ ತುಂಬದ ವರ್ಷ ಊರವರು ಮೊದಲೇ ಕುಳಿತು, ಇರುವ ನೀರಿಗೆ ಎಷ್ಟು ಗದ್ದೆ ನಾಟಿ ಮಾಡಬಹುದೆಂದು ಗೊತ್ತು ಮಾಡುತ್ತಿದ್ದರು. ತಮಿಳುನಾಡಿನಲ್ಲಿ ಇದೇ ಕೆಲಸ ಮಾಡುವವನು 'ನೀರ್‌ಕಟ್ಟಿ'. ಊರವರೆಲ್ಲ ಸೇರಿ ಕೆರೆ ಕಾಲುವೆ ದುರಸ್ತಿ ಮಾಡುವುದಕ್ಕೆ ಅಲ್ಲಿ 'ಕುಡಿಮರಾಮತ್ತು' ಎನ್ನುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನೀರುಗಂಟಿ ಸಾಮಾನ್ಯವಾಗಿ ದಲಿತ ಕುಟುಂಬದವನು. ಊರಿಗೆಲ್ಲ ನೀರು ಹಂಚುವ ಆತ ಊರಿನ ಮೇಲ್ಜಾತಿಯವರ ಬಾವಿಯಿಂದ ಒಂದು ಕೊಡ ನೀರು ಸೇದುವಂತಿರಲಿಲ್ಲ. ಆತನ ಕೈಗೆ ತೂಬು ಒಪ್ಪಿಸಿದ ಊರು ಆತನ ಕೈಯ ನೀರು ಕುಡಿಯುತ್ತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರು ಕೊಂಕಣದ ಮಹಾಡಿನಲ್ಲಿ ಸಾವಿರಾರು ಜನರೊಡನೆ ನಡೆದು ಚವದಾರ್ ಕೆರೆಯ ನೀರು ಕುಡಿದದ್ದು ಈ ಅನ್ಯಾಯದ ವಿರುದ್ಧವೇ.

ಹಾಗಾದರೆ ಹಿಂದಿನವರಿಂದ ಕಲಿಯುವುದು ಏನು? 'ಹಳೆಯದೆಲ್ಲ ಚೆನ್ನ' ಎನ್ನುವ ಹಿರಿಯರ ಮಾತನ್ನು ನೀವು ಒಪ್ಪಬೇಕಾಗಿಲ್ಲ. 'ಹಳೆಯದೆಲ್ಲ ಗೊಡ್ಡು' ಎಂದು ತಳ್ಳಿಹಾಕಲೂ ಬೇಡಿ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿಕೊಳ್ಳಿ. ಕೊರತೆ ಬರುವ ಮೊದಲೇ ಕುಳಿತು ಲೆಕ್ಕ ಹಾಕುವುದು, ಎಲ್ಲರಿಗೂ ಒಂದೇ ನಿಯಮ, ಹಂಚುವವನಿಗೆ ಸ್ವಂತ ಲಾಭವಿಲ್ಲದಿರುವುದು: ಇವು ಅಕ್ಕಿ. ಜಾತಿ ಕಲ್ಲು.

ನಮ್ಮಲ್ಲಿ ಜಗಳ ತೀರಿದ್ದು ಹೇಗೆ ಗೊತ್ತೇ? ನಿಮ್ಮ ವಯಸ್ಸಿನ ನಾಲ್ವರು ಕಾಲೇಜು ಮಕ್ಕಳು ವಾಲ್ವಿನ ಜವಾಬ್ದಾರಿ ವಹಿಸಿಕೊಂಡರು. ಒಂದೊಂದು ಮಹಡಿಗೆ ಇಷ್ಟು ನಿಮಿಷ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಗೇಟಿನ ಬಳಿ ತೂಗುಹಾಕಿದರು. ತಮ್ಮ ಮನೆಗಳಿಗೆ ಕೊನೆಯ ಸರದಿ ಇಟ್ಟುಕೊಂಡರು. ವಾಚ್‌ಮನ್ ಕುಟುಂಬಕ್ಕೂ ಅದೇ ನೀರಿನಲ್ಲಿ ಪಾಲು ಬರೆದರು. ನಮಗೆ, ದೊಡ್ಡವರಿಗೆ, ಇದು ಹೊಳೆದೇ ಇರಲಿಲ್ಲ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ದೇವಸ್ಥಾನ ನೋಡಿ, ನೆಂಟರ ಮನೆಗೂ ಹೋಗಿ. ಹಾಗೆಯೇ ಒಂದು ಸಂಜೆ ಕೆರೆಯ ಏರಿಯ ಮೇಲೆ ನಡೆದು, ತೂಬು ಎಲ್ಲಿದೆ, ಅದನ್ನು ನೋಡಿಕೊಳ್ಳುತ್ತಿದ್ದವರು ಯಾರೆಂದು ಕೇಳಿ. ಅವರ ಮನೆಯವರು ಸಿಕ್ಕರೆ ಒಂದು ಗಳಿಗೆ ಕುಳಿತು ಮಾತಾಡಿ, ಅವರು ಕೊಟ್ಟ ನೀರು ಕುಡಿದು ಬನ್ನಿ.