ಎಂಜಿನ್ ದೀಪ: ಬಿಡಿಭಾಗ ಬದಲಿಸುವ ಮುನ್ನ ಕಾರಣ ಶೋಧನೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡೊಡನೆ ಮಾಲೀಕರ ಮನಸ್ಸಿನಲ್ಲಿ ಮೂಡುವುದು ಖರ್ಚಿನ ಚಿಂತೆ. ಬಾಡಿಗೆ ಕಾರು ನಡೆಸುವವರಿಗಂತೂ ಅದು ದಿನದ ಸಂಪಾದನೆಯ ಪ್ರಶ್ನೆ. ಸ್ಕ್ಯಾನರ್ ತೋರಿಸಿದ ಸಂಕೇತವನ್ನು ಓದಿ, ಅದಕ್ಕೆ ಸಂಬಂಧಿಸಿದ ಬಿಡಿಭಾಗವನ್ನು ಬದಲಿಸಿ ಕಳುಹಿಸಿದ ಕಾರು ಒಂದೇ ವಾರದಲ್ಲಿ ಅದೇ ದೀಪದೊಂದಿಗೆ ಹಿಂತಿರುಗಿದರೆ ನಷ್ಟ ಮೂವರಿಗೂ ಉಂಟು. ಮಾಲೀಕರ ಹಣ ವ್ಯರ್ಥ. ಗ್ಯಾರೇಜಿನ ಹೆಸರಿಗೆ ಕುಂದು. ಒಮ್ಮೆ ಜೋಡಿಸಿ ಬಿಚ್ಚಿದ ಸೆನ್ಸರನ್ನು ಹಿಂದಕ್ಕೆ ಪಡೆಯಬೇಕೆಂಬ ಒತ್ತಾಯ ಬಿಡಿಭಾಗಗಳ ವರ್ತಕರಿಗೆ.

ದೀಪದ ಹಿನ್ನೆಲೆ

ಈ ದೀಪವು ಮೂಲತಃ ವಾಯುಮಾಲಿನ್ಯ ನಿಯಂತ್ರಣ ಕ್ರಮದ ಭಾಗ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಓಬಿಡಿ-2 ಎಂಬ ಏಕರೂಪದ ಸ್ವಯಂತಪಾಸಣಾ ವ್ಯವಸ್ಥೆ ಕಡ್ಡಾಯವಾಯಿತು. ಭಾರತದಲ್ಲಿ 2010ರಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಭಾರತ್ ಸ್ಟೇಜ್-4 ಮಾನದಂಡ ಜಾರಿಗೆ ಬಂದಾಗ ಈ ವ್ಯವಸ್ಥೆಯ ಮೊದಲ ಹಂತವೂ, 2013ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಅನ್ವಯವಾದವು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-6 ದೇಶಾದ್ಯಂತ ಜಾರಿಯಾಯಿತು. ಹೀಗಾಗಿ ಬಡಾವಣೆಯ ಸಣ್ಣ ಗ್ಯಾರೇಜಿಗೂ ಇಂದು ಸ್ಕ್ಯಾನರ್ ಎಂಬುದು ಸ್ಪ್ಯಾನರಿನಷ್ಟೇ ಅಗತ್ಯ.

ಸಂಕೇತವೇ ಕಾರಣವಲ್ಲ

ಸಂಕೇತವು ಕಂಪ್ಯೂಟರ್ ಕಂಡ ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನು ಬೆರಳಿಟ್ಟು ತೋರಿಸುವುದಿಲ್ಲ. ಪಿ 0171 ಎಂಬ ಸಂಕೇತವನ್ನೇ ಗಮನಿಸಬಹುದು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂಬುದಷ್ಟೇ ಇದರ ಅರ್ಥ. ಈ ಸಂಗತಿಯನ್ನು ವರದಿ ಮಾಡುವುದು ಆಕ್ಸಿಜನ್ ಸೆನ್ಸರ್. ಅನೇಕ ವೇಳೆ ಮೊದಲು ಬದಲಾಗುವುದೂ ಅದೇ. ಸುದ್ದಿ ತಂದವನಿಗೇ ಶಿಕ್ಷೆ! ಸೀಳಿದ ವ್ಯಾಕ್ಯೂಮ್ ಪೈಪು, ಸೋರುವ ಗ್ಯಾಸ್ಕೆಟ್, ಧೂಳು ಹಿಡಿದ ಗಾಳಿಯ ಸೆನ್ಸರ್, ದುರ್ಬಲವಾದ ಪೆಟ್ರೋಲ್ ಪಂಪು, ಕಟ್ಟಿಕೊಂಡ ಫಿಲ್ಟರ್ ಇವುಗಳಲ್ಲಿ ಯಾವುದರಿಂದಲಾದರೂ ಇದೇ ಸಂಕೇತ ಬರಬಹುದು.

ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಇವುಗಳನ್ನು ಬೇರ್ಪಡಿಸಲು ಸರಳ ದಾರಿಯಿದೆ. ಇಂಧನವನ್ನು ಕಂಪ್ಯೂಟರ್ ಎಷ್ಟು ಹೆಚ್ಚಿಸುತ್ತಿದೆ ಎಂಬುದನ್ನು ಸ್ಕ್ಯಾನರ್ ಶೇಕಡಾವಾರು ತೋರಿಸುತ್ತದೆ. ಕಾರು ನಿಂತಲ್ಲೇ ಎಂಜಿನ್ ನಿಧಾನವಾಗಿ ಓಡುವಾಗ ಇದು ಶೇ. 25ರಷ್ಟಿದ್ದು, ವೇಗ ನಿಮಿಷಕ್ಕೆ 2,500 ಸುತ್ತುಗಳಿಗೆ ಏರಿದಾಗ ಶೇ. 5ಕ್ಕೆ ಇಳಿದರೆ, ಗಾಳಿಯ ಸೋರಿಕೆಯೆಂದು ಸಂಶಯಿಸಬೇಕು. ನಿಧಾನ ಓಟದಲ್ಲಿ ಎಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿ ಕಡಿಮೆಯಾದ್ದರಿಂದ ಸೋರಿ ಬಂದ ಗಾಳಿಯ ಪಾಲು ದೊಡ್ಡದಾಗಿರುತ್ತದೆ. ಬದಲಾಗಿ, ಭಾರ ಬಿದ್ದಂತೆಲ್ಲ ಅಂಕಿ ಏರಿದರೆ ಪಂಪು, ಫಿಲ್ಟರ್ ಅಥವಾ ಗಾಳಿಯ ಸೆನ್ಸರಿನ ಕಡೆ ನೋಡಬೇಕು. ಸೋರುವ ಜಾಗವನ್ನು ಹೊಗೆ ಹಾಯಿಸಿ ಕಣ್ಣಾರೆ ಕಾಣಬಹುದು. ಹಲವೊಮ್ಮೆ ದೋಷ ಒಂದು ಅಗ್ಗದ ರಬ್ಬರ್ ಪೈಪಿನಲ್ಲಿರುತ್ತದೆ.

ಪಿ 0420 ಸಂಕೇತದಲ್ಲಿ ಪಣ ಇನ್ನೂ ದೊಡ್ಡದು. ಅದು ಕೆಟಲಿಟಿಕ್ ಕನ್ವರ್ಟರಿನ ಕ್ಷಮತೆ ಕುಗ್ಗಿದೆಯೆಂದು ಹೇಳುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳನ್ನು ಒಳಗೊಂಡ ಈ ಭಾಗ ದುಬಾರಿ. ಸೈಲೆನ್ಸರ್ ಕೊಳವೆಯ ಸೋರಿಕೆಯೂ ಇಂತಹ ತಪ್ಪು ಸೂಚನೆಗೆ ಕಾರಣವಾಗಬಹುದು. ಎಂಜಿನ್ ಸರಿಯಾಗಿ ಉರಿಯದೆ ಹಳೆಯ ಕನ್ವರ್ಟರ್ ಹಾಳಾಗಿದ್ದರೆ, ಆ ಮೂಲದೋಷ ಸರಿಪಡಿಸದೆ ಹೊಸದನ್ನು ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹೊಸದೂ ಹಾಳಾಗುವುದು ನಿಶ್ಚಿತ.

ಪಾಲಿಸಬೇಕಾದ ಕ್ರಮ

ಮೊದಲಿಗೇ ಸಂಕೇತವನ್ನು ಅಳಿಸಕೂಡದು. ದೋಷ ದಾಖಲಾದ ಗಳಿಗೆಯ ವೇಗ, ಉಷ್ಣತೆ, ಭಾರ ಮುಂತಾದ ವಿವರಗಳು ಅದರೊಂದಿಗೇ ಅಳಿಸಿಹೋಗುತ್ತವೆ. ಅವುಗಳನ್ನು ಬರೆದಿಟ್ಟುಕೊಂಡು, ವೈರು, ಪೈಪು, ಪೆಟ್ರೋಲ್ ಟ್ಯಾಂಕಿನ ಮುಚ್ಚಳಗಳನ್ನು ಪರಿಶೀಲಿಸಿ, ಪರೀಕ್ಷೆಯಿಂದ ಖಚಿತವಾದ ಭಾಗವನ್ನು ಮಾತ್ರ ಬದಲಿಸಬೇಕು. ಅನಂತರ ಕಾರನ್ನು ಅಂತಹದೇ ಪರಿಸ್ಥಿತಿಯಲ್ಲಿ ಓಡಿಸಿ ದೋಷ ನಿವಾರಣೆಯಾಯಿತೇ ಎಂದು ನೋಡಬೇಕು. ದೀಪ ಸ್ಥಿರವಾಗಿದ್ದು ಎಂಜಿನ್ ಸಹಜವಾಗಿ ಓಡುತ್ತಿದ್ದರೆ, ಉಷ್ಣತೆ ಮತ್ತು ಆಯಿಲ್ ಸೂಚಕಗಳು ಸರಿಯಿದ್ದರೆ, ಗ್ಯಾರೇಜಿನವರೆಗೆ ನಿಧಾನವಾಗಿ ಸಾಗಬಹುದು. ದೀಪ ಮಿಟುಕುತ್ತಿದ್ದರೆ ಕಾರನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸುವುದೇ ಕ್ಷೇಮ.

ಶ್ರಮಕ್ಕೆ ಬೆಲೆ

ಈ ಶೋಧನೆಗೆ ಒಂದೆರಡು ಗಂಟೆಯ ನುರಿತ ದುಡಿಮೆ ಬೇಕು. ಆದರೆ ಬಿಲ್ಲಿನಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲದಿದ್ದರೆ, ಬಿಡಿಭಾಗ ಮಾರಿದರಷ್ಟೇ ಲಾಭವೆಂಬ ಸ್ಥಿತಿ ಉಂಟಾಗಿ, ಊಹೆಯ ಮೇಲಿನ ಬದಲಾವಣೆಗೆ ಅದೇ ಪ್ರೇರಣೆಯಾಗುತ್ತದೆ. ತಪಾಸಣಾ ಶುಲ್ಕವನ್ನು ಮೊದಲೇ ತಿಳಿಸಿ, ಪರೀಕ್ಷೆಯ ಅಂಕಿಗಳನ್ನು ಬಿಲ್ಲಿನೊಂದಿಗೆ ನೀಡುವ ಪದ್ಧತಿಯನ್ನು ಗ್ಯಾರೇಜುಗಳು ರೂಢಿಸಿಕೊಳ್ಳುವುದು ಒಳಿತು. ಗ್ರಾಹಕರೂ ಆ ಶುಲ್ಕವನ್ನು ದಂಡವೆಂದು ಭಾವಿಸಬಾರದು. ಬೇಡದ ಒಂದು ಬಿಡಿಭಾಗದ ಬೆಲೆ ಉಳಿದರೂ ಆ ಶುಲ್ಕ ಸಾರ್ಥಕ.