ಡಿಸ್‌ಲೆಕ್ಸಿಯಾ ಇರುವ ಮಗುವಿಗೆ ಎಂಥ ಲ್ಯಾಪ್‌ಟಾಪ್?

ಕಳೆದ ಪರೀಕ್ಷೆಯ ದಿನಗಳಲ್ಲಿ ಚಿಕ್ಕಜಾಲದ ನನ್ನ ಕ್ಲಿನಿಕ್ಕಿಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಮೂರು ಸಲ ಹೊಟ್ಟೆನೋವೆಂದು ಬಂದ. ಮೂರು ಸಲವೂ ಬೆಳಿಗ್ಗೆ, ಅದೂ ಭಾಷಾ ಪರೀಕ್ಷೆಯ ದಿನವೇ. ಹೊಟ್ಟೆ ಒತ್ತಿ ನೋಡಿದರೆ ಏನೂ ಇಲ್ಲ. ಮೇಜಿನ ಮೇಲಿದ್ದ ಔಷಧದ ಡಬ್ಬಿ ಕೊಟ್ಟು, ‘ಇದನ್ನು ಓದಪ್ಪ’ ಎಂದೆ. ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸಿದ. ಮುಖ ಕೆಂಪಾಯಿತು. ಆದರೆ ಮೇಲೆ ಹಾರುವ ವಿಮಾನ ಯಾವ ಮಾದರಿಯದೆಂದು ಸದ್ದಿನಿಂದಲೇ ಹೇಳುವ ಹುಡುಗ ಅವನು!

ತಜ್ಞರು ಪರೀಕ್ಷಿಸಿ ಡಿಸ್‌ಲೆಕ್ಸಿಯಾ ಎಂದರು. ಮುಂದಿನ ಸಲ ಅವನ ತಂದೆ ಕೇಳಿದರು: ‘ಡಾಕ್ಟ್ರೇ, ಸೊಸೈಟೀಲಿ ಸಾಲ ಮಾಡಿಯಾದ್ರೂ ಒಳ್ಳೇ ಲ್ಯಾಪ್‌ಟಾಪ್ ಕೊಡಿಸ್ತೀನಿ. ಯಾವುದು ತಗೊಳ್ಲಿ?’

ಬೇರೆ ಮನೆಗಳಲ್ಲೂ ಈ ಪ್ರಶ್ನೆ ಇರಬಹುದು.

ಇದು ದಡ್ಡತನವಲ್ಲ

ಅಕ್ಷರವನ್ನು ಅದರ ಧ್ವನಿಯೊಂದಿಗೆ ಬೇಗನೆ, ತಪ್ಪಿಲ್ಲದೆ ಜೋಡಿಸಲು ಮಿದುಳಿಗೆ ಆಗುವ ತೊಡಕೇ ಡಿಸ್‌ಲೆಕ್ಸಿಯಾ. ಇದು ಹುಟ್ಟಿನಿಂದಲೇ ಬರುತ್ತದೆ, ಕುಟುಂಬದಲ್ಲಿ ಹರಿದು ಬರುವುದೂ ಉಂಟು. ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಕಾಗುಣಿತ ಮತ್ತು ಒತ್ತಕ್ಷರಗಳು ಇಂಥ ಮಕ್ಕಳನ್ನು ಕಾಡಿದರೆ, ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು ಆಗಿರುವ ಸ್ಪೆಲಿಂಗ್ ಕಾಡುತ್ತದೆ.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಚುರುಕು ಎಂದು ಅವನ ಮೇಷ್ಟರು ಹೇಳಿದ್ದರು. ಲ್ಯಾಪ್‌ಟಾಪ್ ಕೊಳ್ಳುವವರಿಗೆ ಬೇಕಾದ ಸೂತ್ರ ಆ ಮಾತಿನಲ್ಲೇ ಇದೆ: ಕಣ್ಣಿನಿಂದ ಒಳಗೆ ಹೋಗದ ಪಾಠ ಕಿವಿಯಿಂದ ಹೋಗಬೇಕು.

ಕೊಳ್ಳುವ ಮೊದಲು

ಮೊದಲು ಕಣ್ಣು, ಕಿವಿಯ ಪರೀಕ್ಷೆಯಾಗಲಿ. ನಂತರ ನಿಮ್ಹಾನ್ಸ್‌ನಂಥ ಕಡೆ ಕಲಿಕೆಯ ಪರೀಕ್ಷೆ ಮಾಡಿಸಿ. ಯಂತ್ರ ಡಿಸ್‌ಲೆಕ್ಸಿಯಾವನ್ನು ಗುಣಪಡಿಸುವುದಿಲ್ಲ; ವಿಶೇಷ ಶಿಕ್ಷಕರಿಂದ ಅಕ್ಷರಾಭ್ಯಾಸ ಮುಂದುವರಿಯಲೇಬೇಕು. ಆದರೆ ಅಲ್ಲಿಯವರೆಗೆ ವಿಜ್ಞಾನ, ಸಮಾಜ ಪಾಠಗಳು ಕಾಯುವುದಿಲ್ಲವಲ್ಲ? ‘ಯಂತ್ರ ಓದಿ ಹೇಳಿದರೆ ಮಗು ಸೋಮಾರಿಯಾಗುವುದಿಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಕನ್ನಡಕ ಹಾಕಿಕೊಂಡವನನ್ನು ನಾವು ಸೋಮಾರಿ ಎನ್ನುತ್ತೇವೆಯೇ?

ಹಣ ಹಾಕುವ ಮುನ್ನ ಒಂದು ತಿಂಗಳು ಮನೆಯ ಫೋನಿನಲ್ಲೇ ಪಾಠ ಓದಿಸಿ ಕೇಳಿಸಿ. ಮಗುವಿಗೆ ಅದು ಹಿಡಿಸಿದರೆ ಮುಂದುವರಿಯಿರಿ.

ಯಂತ್ರ ಮಾಡಬೇಕಾದ ಕೆಲಸ

ಒಂದು, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಬೇಕು. ಓದುತ್ತಿರುವ ಪದ ಎದ್ದು ಕಾಣಬೇಕು. ಎರಡು, ಮಗು ಹೇಳಿದ್ದನ್ನು ಬರೆದುಕೊಳ್ಳಬೇಕು. ಮೂರು, ಅಕ್ಷರವನ್ನು ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟು, ಒಂದೆರಡು ಸಾಲನ್ನಷ್ಟೇ ತೋರಿಸಬೇಕು. ಮೈಕ್ರೋಸಾಫ್ಟ್‌ನ ‘ಇಮ್ಮರ್ಸಿವ್ ರೀಡರ್’ ಸೌಲಭ್ಯದಲ್ಲಿ ಓದುವ, ಅಕ್ಷರ ಸಡಿಲಿಸುವ ಅನುಕೂಲಗಳು ಬೇರೆ ಖರ್ಚಿಲ್ಲದೆ ಸಿಗುತ್ತವೆ. ಇದಕ್ಕೆ ಆಟದ ದುಬಾರಿ ಯಂತ್ರ ಬೇಡ. 8 ಜಿ.ಬಿ. ರ‍್ಯಾಮ್, ಎಸ್.ಎಸ್.ಡಿ., ಶಾಲೆಯ ಹೊತ್ತಿಗೆಲ್ಲ ಸಾಲುವ ಬ್ಯಾಟರಿ, ಚೀಲಕ್ಕೆ ಭಾರವಾಗದ ತೂಕ ಇದ್ದರೆ ಸಾಕು. ಉಳಿದ ಹಣದಲ್ಲಿ ಮೈಕ್ ಇರುವ ಒಳ್ಳೆಯ ಹೆಡ್‌ಫೋನ್ ಕೊಡಿಸಿ.

ಕನ್ನಡದ ತೊಡಕು

ಇಂಗ್ಲಿಷ್ ಓದುವ ಯಂತ್ರವೆಲ್ಲ ಕನ್ನಡ ಓದೀತೆಂದು ತಿಳಿಯಬೇಡಿ. ಎಡ್ಜ್ ಬ್ರೌಸರ್ ಕನ್ನಡವನ್ನು ಸ್ಪಷ್ಟವಾಗಿ ಓದುತ್ತದೆ, ಆದರೆ ಆ ಧ್ವನಿಗೆ ಇಂಟರ್‌ನೆಟ್ ಬೇಕು. ಇಂಟರ್‌ನೆಟ್ ಇಲ್ಲದೆ ಓದುವ ಎನ್.ವಿ.ಡಿ.ಎ. ಎಂಬ ಉಚಿತ ತಂತ್ರಾಂಶವಿದೆ, ಅದರ ಕನ್ನಡ ಧ್ವನಿ ಮಾತ್ರ ಯಂತ್ರದಂತಿರುತ್ತದೆ. ಇನ್ನೊಂದು ತೊಡಕು, ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ನೋಟ್ಸ್. ನಮ್ಮ ಕಣ್ಣಿಗೆ ಅದು ಕನ್ನಡ. ಯಂತ್ರದ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಅದನ್ನು ಓದಿಸಿದರೆ ಬರುವುದು ಬರೀ ಗೊಣಗಾಟ. ಟಿಪ್ಪಣಿಗಳನ್ನು ಯೂನಿಕೋಡ್‌ನಲ್ಲಿ ಕೊಡುವಂತೆ ಶಿಕ್ಷಕರನ್ನು ಕೇಳಿಕೊಳ್ಳಿ.

ಆದ್ದರಿಂದ ಎಸ್.ಪಿ. ರಸ್ತೆಗೆ ಹೋಗಲಿ, ಯಲಹಂಕದ ಅಂಗಡಿಗೇ ಹೋಗಲಿ, ಮಗುವನ್ನೂ ಅವನ ಕನ್ನಡ, ಇಂಗ್ಲಿಷ್ ಪಾಠಗಳ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೂ ಜೊತೆಗೆ ಒಯ್ಯಿರಿ. ಅಂಗಡಿಯವರ ವರ್ಣನೆ ಬೇಡ. ಮಗುವೇ ಕುಳಿತು ಓದಿಸಿ ನೋಡಲಿ, ನಾಲ್ಕು ಸಾಲು ಹೇಳಿ ಬರೆಸಲಿ. ಅವನು ಒಪ್ಪಿದ ಯಂತ್ರವನ್ನೇ ಕೊಳ್ಳಿ.

ಮೋಸ ಹೋಗಬೇಡಿ

ಬಣ್ಣದ ಕನ್ನಡಕ, ಬಣ್ಣದ ಹಾಳೆ, ಕಣ್ಣಿನ ವ್ಯಾಯಾಮಗಳಿಂದ ಡಿಸ್‌ಲೆಕ್ಸಿಯಾ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಮೆರಿಕದ ಮಕ್ಕಳ ತಜ್ಞರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಇದನ್ನು ಹೇಳಿವೆ. ‘ಡಿಸ್‌ಲೆಕ್ಸಿಯಾ ಫಾಂಟ್’ ಎಂಬುದಕ್ಕೂ ಹೆಚ್ಚಿನ ಹಣ ಕೊಡಬೇಡಿ.

ಶಾಲೆ ಮತ್ತು ಪರೀಕ್ಷೆ

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನೂ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರವಿರುವ ಮಗುವಿಗೆ ಸಿ.ಬಿ.ಎಸ್.ಇ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವಿದೆ. ಅಗತ್ಯವಿದ್ದರೆ ಕಂಪ್ಯೂಟರಿಗೂ ಅನುಮತಿ ಕೇಳಬಹುದು, ಆದರೆ ಅಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಹಾಗಾಗಿ ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡುವ ಅಭ್ಯಾಸ ಮನೆಯಲ್ಲೇ ಆಗಬೇಕು. ಎಸ್ಸೆಸ್ಸೆಲ್ಸಿಯ ರಿಯಾಯಿತಿಗಳನ್ನು ಮುಖ್ಯೋಪಾಧ್ಯಾಯರಿಂದ ಒಂಬತ್ತನೇ ತರಗತಿಯಲ್ಲೇ ಕೇಳಿ ತಿಳಿಯಿರಿ. ತರಗತಿಯಲ್ಲಿ ಲ್ಯಾಪ್‌ಟಾಪ್ ಬಿಡುತ್ತಾರೆಯೇ ಎಂಬುದನ್ನು ಕೊಂಡ ಮೇಲೆ ಅಲ್ಲ, ಕೊಳ್ಳುವ ಮೊದಲೇ ಕೇಳಿ.

ಆ ಹುಡುಗನ ತಂದೆ ಸಾಲ ಮಾಡಲಿಲ್ಲ. ಸಾಧಾರಣ ಯಂತ್ರ ಕೊಂಡರು. ಹುಡುಗನ ಹೊಟ್ಟೆನೋವು ಪೂರ್ತಿ ಹೋಗಿದೆ ಎನ್ನಲಾರೆ. ಆದರೆ ಹಿಂದಿನ ರಾತ್ರಿ ಕಿವಿಯಲ್ಲಿ ಕೇಳಿದ್ದ ಪಾಠದ ಬಗ್ಗೆ ಮೊನ್ನೆ ವಿಜ್ಞಾನದ ಮೇಷ್ಟರು ಪ್ರಶ್ನೆ ಕೇಳಿದಾಗ ಮೊದಲ ಸಲ ಕೈ ಎತ್ತಿದನಂತೆ. ಅದನ್ನು ಹೇಳಲೆಂದೇ ಅವನ ತಾಯಿ ಕ್ಲಿನಿಕ್ಕಿಗೆ ಬಂದಿದ್ದರು.

ನೆನಪಿಡಿ

* ಮೊದಲು ಪರೀಕ್ಷೆ, ಆಮೇಲೆ ಯಂತ್ರ.
* ಕನ್ನಡ ಓದುತ್ತದೆಯೇ ಎಂದು ಕಿವಿಯಾರೆ ಕೇಳಿಯೇ ಕೊಳ್ಳಿ.
* ವಿಶೇಷ ಶಿಕ್ಷಕರ ಪಾಠ ನಿಲ್ಲಿಸಬೇಡಿ.
* ‘ದಡ್ಡ’ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು.