ಡಯಾಲಿಸಿಸ್: ಒಂದು ಸರದಿಯೂ ತಪ್ಪದಿರಲಿ



ಸಂಘದ ಸಭೆಗಳಿಗೆ ಹೋದಾಗ ಈಗೀಗ ಒಂದು ಮಾತು ನಮ್ಮ ಕಿವಿಗೆ ಬೀಳುತ್ತದೆ: "ಪಾಪ, ಅವಳಿಗೆ ಕಿಡ್ನಿ ಹೋಗಿದೆಯಂತೆ. ಡಯಾಲಿಸಿಸ್ ಅಂತೆ. ಇನ್ನೆಷ್ಟು ದಿನವೋ!" ಶಾಲೆಗೆ ಹೋಗುವ ಮಕ್ಕಳಿರುವ, ಮೂವತ್ತು-ನಲವತ್ತು ವರ್ಷದ ತಾಯಿಯ ಬಗ್ಗೆ ಹೀಗೆ ಮಾತಾಡುವುದು ಸರಿಯೇ? ಸರದಿ ತಪ್ಪಿಸದೆ ಡಯಾಲಿಸಿಸ್ ಮಾಡಿಸಿಕೊಂಡು, ವರ್ಷಗಟ್ಟಲೆ ಬಾಳುತ್ತಿರುವವರು, ದುಡಿಯುತ್ತಿರುವವರು ಎಷ್ಟೋ ಮಂದಿ ಇದ್ದಾರೆ.

ಡಯಾಲಿಸಿಸ್ ಎಂದರೇನು?

ಕಿಡ್ನಿಗಳು ಹಗಲೂ ರಾತ್ರಿ ರಕ್ತವನ್ನು ಸೋಸಿ, ಕಲ್ಮಶ ಮತ್ತು ಹೆಚ್ಚಿನ ನೀರನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತವೆ. ಸಕ್ಕರೆ ಕಾಯಿಲೆ, ಬಿ.ಪಿ. ಮುಂತಾದ ಕಾರಣಗಳಿಂದ ಅವು ಪೂರ್ತಿ ಕೆಟ್ಟರೆ ಆ ಕೆಲಸವನ್ನು ಯಂತ್ರ ಮಾಡಬೇಕು. ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ನಮ್ಮಲ್ಲಿ ಅನೇಕರಿಗೆ 2 ಸಲ ಮಾತ್ರ ಆಗುತ್ತದೆ.

ಲೆಕ್ಕ ಹಾಕಿ ನೋಡಿ. ವಾರದಲ್ಲಿ 168 ಗಂಟೆ. ಯಂತ್ರ ಕೆಲಸ ಮಾಡುವುದು ಹೆಚ್ಚೆಂದರೆ 12 ಗಂಟೆ. ಉಳಿದ ಹೊತ್ತು ಕುಡಿದ ನೀರು, ತಿಂದ ಉಪ್ಪು ದೇಹದಲ್ಲೇ ನಿಲ್ಲುತ್ತವೆ. "ಇವತ್ತು ಹುಷಾರಾಗಿದ್ದೀನಿ, ಕೂಲಿ ಯಾಕೆ ಕಳಕೊಳ್ಳಲಿ" ಎಂದು ಒಂದು ಸರದಿ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಹೃದಯ ನಿಲ್ಲಬಹುದು. ಹುಷಾರಾಗಿರುವುದೇ ಹಿಂದಿನ ಡಯಾಲಿಸಿಸ್‌ನಿಂದ ಎಂಬುದನ್ನು ಮರೆಯಬಾರದು. ಎರಡು ಸರದಿಗಳ ನಡುವೆ ಹೆಚ್ಚು ದಿನ ಬಿದ್ದಾಗ ಅಪಾಯವೂ ಹೆಚ್ಚು. ಹಬ್ಬ, ಮದುವೆ ಊಟ ಆ ದಿನಗಳಲ್ಲೇ ಬಂದರೆ ಇನ್ನಷ್ಟು ಎಚ್ಚರ ಬೇಕು.

ಮನೆಯಲ್ಲಿ ಏನು ಗಮನಿಸಬೇಕು?

* ನೀರು: ಎಷ್ಟು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ. ಸಾಮಾನ್ಯವಾಗಿ ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್. ಚಹಾ, ಗಂಜಿ, ಮಜ್ಜಿಗೆ, ಸಾರು ಎಲ್ಲವೂ ಈ ಲೆಕ್ಕದಲ್ಲೇ ಬರಬೇಕು.
* ಉಪ್ಪು: ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ಉಪ್ಪು ಕಡಿಮೆಯಾದರೆ ಬಾಯಾರಿಕೆಯೂ ಕಡಿಮೆ.
* ಎಳನೀರು: ರೋಗಿಯನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯುವುದು ನಮ್ಮ ರೂಢಿ. ಇವರಿಗೆ ಅದೇ ವಿಷವಾಗಬಹುದು. ಅದರಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ನಕ್ಷತ್ರದಾಕಾರದ ದಾರೆಹುಳಿಯನ್ನಂತೂ ಮುಟ್ಟಲೇಬಾರದು.
* ತರಕಾರಿ: ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ.
* ಊಟ: ಡಯಾಲಿಸಿಸ್‌ನಲ್ಲಿ ಪ್ರೋಟೀನು ಸ್ವಲ್ಪ ಸೋರಿ ಹೋಗುತ್ತದೆ. ಬರೀ ಗಂಜಿ ಸಾಲದು. ಮೊಟ್ಟೆಯ ಬಿಳಿ ಭಾಗ, ಹಸಿ ಮೀನು ಎಷ್ಟು ತಿನ್ನಬಹುದೆಂದು ಕೇಳಿ ತಿಳಿಯಿರಿ.
* ಫಿಸ್ಟುಲಾ ಇರುವ ಕೈ: ರಕ್ತನಾಳ ಜೋಡಿಸಿದ ಆ ಕೈಯೇ ಅವರ ಜೀವನಾಡಿ. ಆ ಕೈಯಲ್ಲಿ ಬಿ.ಪಿ. ನೋಡುವುದು, ರಕ್ತ ತೆಗೆಯುವುದು, ಕೊಡ ಹೊರುವುದು, ಬಿಗಿ ಬಳೆ ತೊಡುವುದು ಬೇಡ. ದಿನಾ ಮುಟ್ಟಿ ನೋಡಿದರೆ 'ಝುಂ' ಎನ್ನಬೇಕು. ಅದು ನಿಂತರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮಲಗಿದಾಗ ಉಸಿರು ಕಟ್ಟಿದರೆ, ಕೈಕಾಲು ಸೋತು ಬಂದರೆ, ಚಳಿಜ್ವರ ಬಂದರೆ ಮುಂದಿನ ಸರದಿಯವರೆಗೆ ಕಾಯಬೇಡಿ.

ಖರ್ಚು ಹೇಗೆ?

ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ರೇಷನ್ ಕಾರ್ಡು, ಆಧಾರ್ ತೆಗೆದುಕೊಂಡು ಹೋಗಿ ವಿಚಾರಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸಿನ ಪ್ರಯಾಣವೂ ಉಚಿತ. ವಯಸ್ಸು ಚಿಕ್ಕದಿದ್ದರೆ ಕಿಡ್ನಿ ಕಸಿಯ ಬಗ್ಗೆಯೂ ಡಾಕ್ಟರ ಹತ್ತಿರ ಮಾತಾಡಿ.

ಸಂಘ ಏನು ಮಾಡಬಹುದು?

ಆಸ್ಪತ್ರೆ ಉಚಿತವಾದರೂ ಹೋದ ದಿನದ ಕೂಲಿ ಹೋಗುತ್ತದೆ, ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕು. ಸರದಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ "ಸಭೆಗೆ ಬರಲ್ಲ, ಕಂತು ಕಟ್ಟಲ್ಲ" ಎಂದು ಅವರ ಹೆಸರು ಹೊಡೆದು ಹಾಕಬೇಡಿ. ಅವರಿಗೆ ಡಯಾಲಿಸಿಸ್ ಇಲ್ಲದ ದಿನ ಸಭೆ ಇಡಿ. ಕಂತಿನ ಅವಧಿ ಮುಂದೂಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಬ್ಬೊಬ್ಬರು ಸರದಿ ಪ್ರಕಾರ ಜೊತೆಗೆ ಹೋಗಿ. ಮತ್ತೊಬ್ಬರು ಸಂಜೆ ಮಕ್ಕಳಿಗೆ ಊಟ ಕೊಡಲಿ. ಶಕ್ತಿ ಇದ್ದ ದಿನ ಹೊಲಿಗೆ, ಹೂ ಕಟ್ಟುವುದು, ಸಂಘದ ಲೆಕ್ಕ ಬರೆಯುವುದು ಅವರಿಂದಲೂ ಆಗುತ್ತದೆ. ಕನಿಕರಕ್ಕಿಂತ ಈ ಕೆಲಸವೇ ಅವರಿಗೆ ಧೈರ್ಯ.

ಸಂಘದಲ್ಲಿ ಚರ್ಚಿಸಿರಿ: ನಮ್ಮ ಊರಿನಲ್ಲಿ ಡಯಾಲಿಸಿಸ್‌ಗೆ ಹೋಗುವವರು ಯಾರಿದ್ದಾರೆ? ಅವರ ಮುಂದಿನ ಸರದಿ ಯಾವಾಗ? ಆ ದಿನ ನಮ್ಮಲ್ಲಿ ಯಾರು ಜೊತೆಗೆ ಹೋಗುತ್ತೇವೆ?